ಎರಡನೇ ಜ್ವರದ ಸುದ್ದಿ ಹೇಳುವ ಪುಟ

ಚಾಕಿ ಕೇಂದ್ರದಲ್ಲಿ ಕೆಲಸ ಮಾಡುವವರ ಕೈ ಯಾವಾಗಲೂ ಒದ್ದೆಯಾಗಿರುತ್ತದೆ. ರೇಷ್ಮೆ ಹುಳುವಿನ ಕೋಣೆಗೆ ಹೋಗುವ ಮುಂಚೆ ಚಪ್ಪಲಿ ಬದಲಿಸಬೇಕು, ಬಾಗಿಲಲ್ಲಿರುವ ಔಷಧದ ನೀರಿನ ತೊಟ್ಟಿಯಲ್ಲಿ ಕಾಲು ಅದ್ದಬೇಕು, ಕೈಯನ್ನು ಮೊಣಕೈವರೆಗೆ ತೊಳೆಯಬೇಕು. ಹೊರಗೆ ಬಂದು ಒಂದು ಪೆನ್ನು ಮುಟ್ಟಿದರೂ ಎಲ್ಲ ಮತ್ತೆ ಮೊದಲಿಂದ. ಹಾಗಾಗಿ ನಮಗೆ ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುತ್ತಿದ್ದದ್ದು ನೊಣವಲ್ಲ, ಇರುವೆಯಲ್ಲ, ಫೋನು.

ನಾನು ವೇಮಗಲ್ ಹತ್ತಿರದ ಒಂದು ಚಾಕಿ ಕೇಂದ್ರದಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುವ ಕೆಲಸವನ್ನೂ ರಿಜಿಸ್ಟರ್ ಬರೆಯುವ ಕೆಲಸವನ್ನೂ ಮಾಡುತ್ತೇನೆ. ರೇಷ್ಮೆ ಮೊಟ್ಟೆ ತಂದು, ಮರಿಮಾಡಿಸಿ, ಹುಳುವನ್ನು ಮೊದಲ ಏಳೆಂಟು ದಿನ ಸಾಕಿ ರೈತರಿಗೆ ಕೊಡುವುದು ಕೇಂದ್ರದ ಕಸುಬು. ಕೊಡುವುದಕ್ಕೆ ಒಂದು ಹೊತ್ತು ಇದೆ. ಹುಳು ಎರಡನೇ ಜ್ವರಕ್ಕೆ ಕೂತಾಗಲೇ ಕೊಡಬೇಕು. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಅಲುಗದೆ ಕೂತು ಹಳೆಯ ಚರ್ಮ ಕಳಚುವ ಸಮಯಕ್ಕೆ ನಮ್ಮ ಕಡೆ ಹಾಗೆನ್ನುತ್ತೇವೆ. ಆಗ ಸಾಗಿಸಿದರೆ ಹುಳುವಿಗೆ ತೊಂದರೆಯಿಲ್ಲ. ಒಂದು ದಿನದೊಳಗೆ ಅದು ಜ್ವರದಿಂದ ಏಳುತ್ತದೆ. ಎದ್ದ ತಕ್ಷಣ ಸೊಪ್ಪು ಬೇಕು, ಅದೂ ರೈತನ ಮನೆಯಲ್ಲಿ, ಅವನ ತೋಟದ ಸೊಪ್ಪು. ರೈತ ಅರ್ಧ ದಿನ ಮುಂಚೆ ಬಂದರೆ ಬರಿಗೈಲಿ ಹೋಗಬೇಕು. ಅರ್ಧ ದಿನ ತಡವಾದರೆ ಹುಳು ದಾರಿಯಲ್ಲೇ ಹಸಿಯುತ್ತದೆ, ಬಡವಾಗುತ್ತದೆ.

ಆದ್ದರಿಂದ ಎಲ್ಲರೂ ಫೋನ್ ಮಾಡುತ್ತಿದ್ದರು. ಮಾಲೂರಿಂದ, ಮುಳಬಾಗಿಲಿಂದ, ಶ್ರೀನಿವಾಸಪುರದ ಹಳ್ಳಿಗಳಿಂದ. ಪ್ರಶ್ನೆ ಒಂದೇ.

“ಏನಮ್ಮಾ, ನಮ್ ಹುಳ ಯಾವತ್ತು ಕೊಡ್ತೀರ?”

ನಾವು ಹೇಳುತ್ತಿದ್ದೆವು. ಮಾರನೇ ದಿನ ಅದೇ ಮನೆಯ ಇನ್ನೊಬ್ಬರು ಮಾಡುತ್ತಿದ್ದರು. ವಾಟ್ಸಾಪ್ ಗ್ರೂಪ್ ಮಾಡಿ ನೋಡಿದೆವು. ಬೆಳಿಗ್ಗೆ ಹಾಕಿದ ತಾರೀಖು ಮಧ್ಯಾಹ್ನದ ಹೊತ್ತಿಗೆ ಶುಭೋದಯದ ಗುಲಾಬಿಗಳ ಕೆಳಗೆ ಹೂತುಹೋಗುತ್ತಿತ್ತು. ಒಮ್ಮೆ ಯಾರೋ ಹಿಂದಿನ ಬ್ಯಾಚಿನ ತಾರೀಖನ್ನು ಮೇಲಕ್ಕೆತ್ತಿ ಮತ್ತೆ ಹಾಕಿದರು. ಆವತ್ತು ಒಂದು ಮಧ್ಯಾಹ್ನ ಪೂರ್ತಿ ಎಲ್ಲರಿಗೂ ಅದು ಹಳೆಯದು ಎಂದು ಹೇಳುವುದೇ ಆಯಿತು.

ಆಮೇಲೆ ಒಂದು ಬ್ಯಾಚು ಕೆಟ್ಟಿತು. ರೋಗವೇನಲ್ಲ. ಒಂದೇ ತಟ್ಟೆಯಲ್ಲಿ ಅರ್ಧ ಹುಳು ಜ್ವರಕ್ಕೆ ಕೂತಿತ್ತು, ಅರ್ಧ ಇನ್ನೂ ಸೊಪ್ಪು ತಿನ್ನುತ್ತಿತ್ತು. ಹೀಗೆ ಹಿಂದೆಮುಂದೆ ಬೆಳೆದ ಹುಳುವನ್ನು ಯಾವ ರೈತನೂ ಇಷ್ಟಪಡುವುದಿಲ್ಲ, ಕೊನೆಗೆ ಗೂಡು ಕಟ್ಟುವಾಗಲೂ ಅವು ಹಿಂದೆಮುಂದೆಯೇ. ಕೇಂದ್ರದ ಯಜಮಾನಿಯನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಅಕ್ಕ ತಟ್ಟೆಯ ಮುಂದೆ ಬಹಳ ಹೊತ್ತು ನಿಂತು, ನನ್ನ ರಿಜಿಸ್ಟರ್ ತರಿಸಿ, ಸೊಪ್ಪು ಹಾಕಿದ ವೇಳೆಗಳನ್ನು ಒಂದೊಂದಾಗಿ ಓದಿಸಿದರು. ಎರಡು ಸಲ ಮುಕ್ಕಾಲು ಗಂಟೆ ತಡವಾಗಿತ್ತು.

“ಸೊಪ್ ಹಾಕೋ ಹೊತ್ನಲ್ಲಿ ನೀನೂ ನಾನೂ ಫೋನಲ್ಲಿದ್ವಿ ಕಣೇ,” ಎಂದರು. “ತಪ್ಪು ಹುಳದ್ದಲ್ಲ.”

ಕೋಲಾರದ ಬಸ್ ಸ್ಟ್ಯಾಂಡ್ ಬಳಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದ ಬೋರ್ಡನ್ನು ನಾನು ಆ ವಾರ ಬಸ್ಸಿನ ಕಿಟಕಿಯಿಂದ ಓದಿದ್ದೆ. ಏನೂ ಗೊತ್ತಿಲ್ಲದವರಿಗೆ ಆರು ಭಾನುವಾರಗಳಲ್ಲಿ ವೆಬ್‌ಸೈಟ್ ಮಾಡಲು ಕಲಿಸಲಾಗುವುದು ಎಂದಿತ್ತು. ಬದಲಾಗದ ಒಂದು ಜಾಗದಲ್ಲಿ ಒಂದೇ ಒಂದು ಪುಟ ಇದ್ದರೆ, ಅದರಲ್ಲಿ ತಾರೀಖು ಇದ್ದರೆ, ಜನ ಅಲ್ಲಿ ನೋಡಿಕೊಳ್ಳುತ್ತಾರೆ ಎಂದು ಅಕ್ಕನಿಗೆ ಹೇಳಿದೆ.

“ನಿನಗ್ ಮಾಡಕ್ ಬರುತ್ತಾ?”

“ಇಲ್ಲ ಅಕ್ಕ.”

“ಮತ್ತೆ?”

“ಕಲೀತೀನಿ.”

“ಭಾನುವಾರ ಸೊಪ್ಪಿನ ಕೆಲ್ಸ ನಾನ್ ನೋಡ್ಕೊಳ್ತೀನಿ. ಹೋಗು,” ಎಂದರು ಅಕ್ಕ.

ತರಗತಿಯಲ್ಲಿ ಎಂಟು ಜನ ಇದ್ದೆವು. ಕಲಿಸುವ ಮೇಡಂ ಮೊದಲ ದಿನ ಯಾವ ಪೀಠಿಕೆಯೂ ಇಲ್ಲದೆ ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್ ತೆರೆಸಿ ಒಂದು ಸಾಲು ಬರೆಸಿದರು. ಕಡತವನ್ನು ಉಳಿಸುವಾಗ ಹೆಸರಿನ ಕೊನೆಗೆ ಒಂದು ಚುಕ್ಕೆ, ಆಮೇಲೆ ಎಚ್‌ಟಿಎಂಎಲ್ ಎಂದು ಸೇರಿಸಲು ಹೇಳಿದರು. ಅದರ ಮೇಲೆ ಎರಡು ಸಲ ಒತ್ತಿದಾಗ ಬ್ರೌಸರ್ ತೆರೆದುಕೊಂಡು ನಾನು ಬರೆದ ಸಾಲು ಬಿಳಿ ಪುಟದ ಮೂಲೆಯಲ್ಲಿ ಕಾಣಿಸಿತು.

“ಇಷ್ಟೇ,” ಎಂದರು ಮೇಡಂ. “ಇದೇ ವೆಬ್‌ಸೈಟು. ಇನ್ನು ಮೇಲೆ ಕಲಿಯೋದೆಲ್ಲ ಇದನ್ನ ಚೆನ್ನಾಗಿ ಕಾಣೋ ಹಾಗೆ ಮಾಡೋದು, ಲೋಕಕ್ಕೆ ಕಾಣೋ ಹಾಗೆ ಮಾಡೋದು.”

ಆ ಎರಡನೇ ಮಾತನ್ನು ನಾನು ಆವತ್ತು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡಿದ್ದರೆ ಮುಂದಿನ ಒಂದು ಬೆಳಗಿನ ಅವಮಾನ ತಪ್ಪುತ್ತಿತ್ತು.

ಟ್ಯಾಗುಗಳು ನನಗೆ ಬೇಗ ಕೈಗೆ ಹತ್ತಿದವು. ಶೀರ್ಷಿಕೆ ಎಲ್ಲಿ ಶುರು, ಎಲ್ಲಿ ಮುಗಿಯಿತು, ಪ್ಯಾರಾ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಕೋನದ ಕಂಸಗಳಲ್ಲಿ ಗುರುತು ಹಾಕುತ್ತಾ ಹೋಗುವುದು. ತೆರೆದದ್ದನ್ನು ಮುಚ್ಚಬೇಕು, ಅಷ್ಟೆ. ಪಕ್ಕದಲ್ಲಿ ಕೂರುತ್ತಿದ್ದ ಕಾಲೇಜು ಹುಡುಗಿ ತನ್ನ ಮೆಹಂದಿ ಚಿತ್ರಗಳಿಗೆ ಪುಟ ಮಾಡುತ್ತಿದ್ದಳು. ಅವಳು ನನಗಿಂತ ಎರಡು ಪಟ್ಟು ವೇಗವಾಗಿ ಟೈಪ್ ಮಾಡುತ್ತಿದ್ದಳು, ಆದರೆ ಮುಚ್ಚುವುದನ್ನು ಮರೆಯುತ್ತಿದ್ದಳು. ನಾನು ಮರೆಯುತ್ತಿರಲಿಲ್ಲ.

ಕಷ್ಟ ಕೊಟ್ಟದ್ದು ಕನ್ನಡ. ಕೇಂದ್ರದ ಹಳೆಯ ಕಂಪ್ಯೂಟರಿನಲ್ಲಿ ರೈತರಿಗೆ ಕೊಡುವ ಸೂಚನೆಗಳನ್ನೆಲ್ಲ ನಾನು ಎಂದೋ ಟೈಪ್ ಮಾಡಿಟ್ಟಿದ್ದೆ. ಹುಳು ಒಯ್ಯುವ ಮುಂಚೆ ಮನೆ ಹೇಗೆ ತೊಳೆಯಬೇಕು, ಔಷಧ ಯಾವಾಗ ಹೊಡೆಯಬೇಕು ಎಂಬುದೆಲ್ಲ ಆರು ಪುಟ. ಅದನ್ನು ಹಾಗೇ ತಂದು ಅಂಟಿಸಿದೆ. ಪುಟ ತೆರೆದರೆ ಒಂದು ಅಕ್ಷರವೂ ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಚುಕ್ಕೆ, ಟೋಪಿ, ಕೆಳಗೆ ಬಾಲ. ಮೇಡಂ ನೋಡಿ ನಕ್ಕರು.

“ಇದು ಹಳೇ ಫಾಂಟಿನ ಕನ್ನಡ ರೀ. ನಿಮ್ಮ ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರಾನೇ, ಮೇಲೆ ಕನ್ನಡದ ಮುಖವಾಡ ಹಾಕಿರುತ್ತೆ. ಬೇರೆ ಕಡೆ ಹೋದ್ರೆ ಮುಖವಾಡ ಇರಲ್ಲ. ಯೂನಿಕೋಡಲ್ಲಿ ಟೈಪ್ ಮಾಡ್ಬೇಕು.”

ಬದಲಾಯಿಸುವ ಉಪಾಯಗಳಿವೆ ಎಂದೂ ಹೇಳಿದರು. ಒಂದನ್ನು ಮಾಡಿ ನೋಡಿದೆ, ಒತ್ತಕ್ಷರಗಳೆಲ್ಲ ಎಡವಿದ್ದವು. ಔಷಧದ ಅಳತೆ ಇರುವ ಬರಹದಲ್ಲಿ ಎಡವುವುದು ಬೇಡ ಎಂದು ಆರು ಪುಟವನ್ನೂ ಹೊಸದಾಗಿ ಟೈಪ್ ಮಾಡಿದೆ. ಸೊಪ್ಪಿನ ಎರಡು ಸರದಿಯ ನಡುವಿನ ಬಿಡುವಿನಲ್ಲಿ, ದಿನಕ್ಕೆ ಅರ್ಧರ್ಧ ಪುಟ. ಮುಗಿಸಿ ಉಳಿಸಿದೆ. ಮತ್ತೆ ತೆರೆದರೆ ಎಲ್ಲ ಅಕ್ಷರದ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆ. ಹಳೆಯ ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಕೆಳಗೆ ಒಂದು ಸಣ್ಣ ಪಟ್ಟಿಯಿಂದ ಯುಟಿಎಫ್-8 ಎಂದು ಆರಿಸಬೇಕು, ನಾನು ಆರಿಸಿರಲಿಲ್ಲ. ಕಂಪ್ಯೂಟರ್ ಉಳಿಸುವ ಮುಂಚೆ ಏನೋ ಎಚ್ಚರಿಕೆ ಕೊಟ್ಟಿತ್ತು, ನಾನು ಓದದೆ ಸರಿ ಎಂದು ಒತ್ತಿದ್ದೆ. ಅಷ್ಟೂ ದಿನದ ಕೆಲಸ ಹೋಯಿತು. ಆ ಮಧ್ಯಾಹ್ನ ಸೊಪ್ಪು ಹೆಚ್ಚಿದೆ. ಮಾರನೇ ದಿನ ಮೊದಲ ಸಾಲಿನಿಂದ ಶುರುಮಾಡಿದೆ. ಎರಡನೇ ಸಲ ಟೈಪ್ ಮಾಡುವಾಗ ಆರು ಪುಟ ನಾಲ್ಕಕ್ಕೆ ಇಳಿಯಿತು. ಬೇಡದ ಮಾತುಗಳು ಬಹಳ ಇದ್ದವು.

ನಾಲ್ಕನೇ ಭಾನುವಾರದ ಹೊತ್ತಿಗೆ ಯಾರೋ ಉಚಿತವಾಗಿ ಕೊಟ್ಟಿದ್ದ ಸಿದ್ಧ ಮಾದರಿಯೊಂದನ್ನು ಇಳಿಸಿಕೊಂಡು ಅದರೊಳಗೆ ನಮ್ಮ ವಿಷಯ ತುಂಬಿದೆ. ಮೇಲೆ ಜಾರುವ ಚಿತ್ರಗಳು, ಎಡಕ್ಕೆ ಪಟ್ಟಿ, ಕೆಳಗೆ ಒಂದು ಕೋಷ್ಟಕ: ಬ್ಯಾಚಿನ ಸಂಖ್ಯೆ, ಮೊಟ್ಟೆ ಒಡೆದ ದಿನ, ಹುಳು ಕೊಡುವ ದಿನ. ಹಸಿರು ಎಲೆಯ ಮೇಲಿನ ಹುಳುವಿನ ಫೋಟೋ ಹಾಕಿದ್ದೆ. ನನ್ನ ಕಣ್ಣಿಗೆ ಅದು ದೊಡ್ಡ ಕಂಪನಿಯ ಸೈಟಿನಂತೆಯೇ ಕಂಡಿತು.

ಅದೇ ಭಾನುವಾರ ಮೇಡಂ ಹೇಳಿಕೊಟ್ಟಂತೆ, ಪುಟಗಳಿಗೆ ಪುಕ್ಕಟೆ ಜಾಗ ಕೊಡುವ ಒಂದು ತಾಣದಲ್ಲಿ ಖಾತೆ ತೆರೆದು, ಫೋಲ್ಡರನ್ನು ಎಳೆದು ಅದರೊಳಗೆ ಬಿಟ್ಟೆ. ವಿಳಾಸ ಬಂತು. ಒತ್ತಿದರೆ ಪುಟ ಸಿಗಲಿಲ್ಲ ಎಂಬ ಉತ್ತರ. ಅರ್ಧ ಗಂಟೆ ಹುಡುಕಿದೆವು. ಮೊದಲ ಪುಟದ ಹೆಸರು ಇಂಡೆಕ್ಸ್ ಎಂದಿರಬೇಕು, ಎಲ್ಲ ಸಣ್ಣ ಅಕ್ಷರ. ನಾನು ಹೆಸರು ಬರೆಯುವ ಅಭ್ಯಾಸದಲ್ಲಿ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದಿದ್ದೆ. ನಮ್ಮ ಕಂಪ್ಯೂಟರಿಗೆ ಎರಡೂ ಒಂದೇ, ಅಲ್ಲಿನ ಕಂಪ್ಯೂಟರಿಗೆ ಬೇರೆ ಬೇರೆ. ಸರಿಮಾಡಿದ ಮೇಲೆ ಪುಟ ತೆರೆಯಿತು. ತರಗತಿಯ ಎಂಟೂ ಜನರ ಪೈಕಿ ಮೊದಲು ಲೋಕಕ್ಕೆ ಬಂದದ್ದು ನನ್ನ ಪುಟ. ಅಲ್ಲಿಂದ ಬಸ್ಸಿನಲ್ಲಿ ವಾಪಸ್ ಬರುವಾಗ ಅದನ್ನು ಎಷ್ಟು ಸಲ ತೆರೆದು ನೋಡಿದೆನೋ, ಇಳಿಯುವ ಹೊತ್ತಿಗೆ ಫೋನಿನ ಚಾರ್ಜು ಮುಗಿದಿತ್ತು.

ವಿಳಾಸ ಉದ್ದವಾಗಿತ್ತು, ಇಂಗ್ಲಿಷಿನಲ್ಲಿತ್ತು. ಅದನ್ನು ರೈತರಿಗೆ ಬಾಯಲ್ಲಿ ಹೇಳುವುದಾಗದು. ಅದಕ್ಕೆ ಕ್ಯೂಆರ್ ಕೋಡ್ ಮಾಡಿಸಿ ಗೇಟಿಗೆ ಅಂಟಿಸಿದೆವು, ಹುಳು ಒಯ್ಯುವ ಟ್ರೇಗಳಿಗೂ ಅಂಟಿಸಿದೆವು. ಅಂಗಡಿಯಲ್ಲಿ ದುಡ್ಡು ಕೊಡಲು ಮಾಡುವಂತೆಯೇ ಇದಕ್ಕೂ ಫೋನ್ ಹಿಡಿದರೆ ಆಯಿತು, ಆಮೇಲೆ ಮನೆಯಿಂದಲೂ ಅದೇ ಪುಟ ನೋಡಬಹುದು ಎಂದು ಬಂದವರಿಗೆಲ್ಲ ತೋರಿಸಿದೆ.

ಮುಂದಿನ ಬ್ಯಾಚಿನಲ್ಲಿ ಮೊದಲ ನಾಲ್ಕು ದಿನ ಫೋನು ಗಮನಕ್ಕೆ ಬರುವಷ್ಟು ಕಡಿಮೆಯಾಯಿತು. ಅಕ್ಕ ಸೊಪ್ಪು ಹಾಕುವಾಗ ಫೋನನ್ನು ಆಫೀಸಿನ ಕಪಾಟಿನಲ್ಲಿಟ್ಟು ಬರತೊಡಗಿದರು.

ಐದನೇ ದಿನ ಮೋಡ ಮುಚ್ಚಿತು. ಚಳಿಗಾಳಿ. ಹೀಟರ್ ಹಾಕಿದರೂ ಕೋಣೆಯ ಬಿಸಿ ಒಂದೆರಡು ಡಿಗ್ರಿ ಕಡಿಮೆಯೇ ಇತ್ತು. ಹುಳು ನಿಧಾನವಾಯಿತು. ಆರನೇ ದಿನ ಮಧ್ಯಾಹ್ನ ಅಕ್ಕ, “ಒಂದ್ ದಿನ ಮುಂದಕ್ ಹೋಗುತ್ತೆ. ಪೇಜಲ್ಲಿ ಬದ್ಲಾಯಿಸು,” ಎಂದರು. ನಾನು ಆಫೀಸಿಗೆ ಹೋಗಿ ಕಡತ ತೆರೆದು ತಾರೀಖು ತಿದ್ದಿ, ಉಳಿಸಿ, ಬ್ರೌಸರಿನಲ್ಲಿ ನೋಡಿದೆ. ಹೊಸ ತಾರೀಖು ಬಂದಿತ್ತು. ಬದಲಾಯಿಸಿದೆ ಎಂದು ಹೇಳಿ ಒಳಗೆ ಹೋದೆ.

ಹಳೆಯ ತಾರೀಖಿನ ಬೆಳಿಗ್ಗೆ ನಾನು ಕೆಲಸಕ್ಕೆ ಬಂದಾಗ ಅಂಗಳದಲ್ಲಿ ಏಳು ಗಾಡಿಗಳು ನಿಂತಿದ್ದವು.

ಮಾಲೂರು ಕಡೆಯ ರೈತರೊಬ್ಬರು ಗೇಟಿನಲ್ಲೇ ತಡೆದರು. ಅವರ ತೋಟ ಇಟ್ಟಿಗೆ ಗೂಡುಗಳ ಪಕ್ಕದಲ್ಲಿದೆ. ಸೊಪ್ಪಿನ ಮೇಲೆ ಹೊಗೆ ಕೂರದ ಹಾಗೆ ನೋಡಿಕೊಂಡು ಹುಳು ಸಾಕುವ, ಬಹಳ ಅಚ್ಚುಕಟ್ಟಿನ ಮನುಷ್ಯ. ಮನೆ ತೊಳೆದು, ಔಷಧ ಹೊಡೆದು, ಬೆಳಕು ಹರಿಯುವ ಮುಂಚೆ ಹೊರಟು ಬಂದಿದ್ದರು.

“ಹುಳ ಎಲ್ಲಮ್ಮಾ?”

“ನಾಳೆ ಅಂತ ಪೇಜಲ್ಲಿ ಹಾಕಿದೀನಲ್ಲ ಅಣ್ಣ.”

ಅವರು ಫೋನ್ ತೆಗೆದು ನನ್ನ ಮುಖದ ಹತ್ತಿರ ಹಿಡಿದರು. ಅಲ್ಲಿ ಹಳೆಯ ತಾರೀಖೇ ಇತ್ತು. ಇನ್ನೊಬ್ಬರ ಫೋನಿನಲ್ಲೂ ಅದೇ. ನಾನು ಓಡಿ ಆಫೀಸಿನ ಕಂಪ್ಯೂಟರ್ ನೋಡಿದೆ. ಅಲ್ಲಿ ಹೊಸ ತಾರೀಖು. ಆಮೇಲೆ ಬ್ರೌಸರಿನ ನೆತ್ತಿಯ ಮೇಲಿನ ವಿಳಾಸ ಓದಿದೆ. ಅದು ನಮ್ಮ ತಾಣದ ವಿಳಾಸವಲ್ಲ, ಈ ಕಂಪ್ಯೂಟರಿನೊಳಗಿನ ಫೋಲ್ಡರಿನ ಹೆಸರು. ನಾನು ತಿದ್ದಿದ್ದು ನನ್ನ ಮೇಜಿನ ಮೇಲಿನ ಪ್ರತಿಯನ್ನು. ಅದನ್ನು ಮತ್ತೆ ಮೇಲೆ ಕಳಿಸಿಯೇ ಇರಲಿಲ್ಲ. ಲೋಕಕ್ಕೆ ಕಾಣುವ ಹಾಗೆ ಮಾಡುವುದು ಬೇರೆಯೇ ಒಂದು ಕೆಲಸ ಎಂದು ಮೇಡಂ ಮೊದಲ ದಿನ ಹೇಳಿದ್ದು ಇದನ್ನೇ.

ಅಂಗಳಕ್ಕೆ ವಾಪಸ್ ಹೋಗಿ ತಪ್ಪು ನನ್ನದು ಎಂದೆ. ಮಾಲೂರಿನವರು ಅಕ್ಕನ ಕಡೆ ತಿರುಗಿ, “ಫೋನಲ್ ಕೇಳಿದ್ರೆ ಸರ್ಯಾಗ್ ಹೇಳ್ತಿದ್ರಿ. ಇದ್ಯಾಕ್ ಬೇಕಿತ್ತು ನಿಮ್ಗೆ? ಮುಂದಿನ್ ಬೆಳೆಗೆ ನಾನು ಬೇರೆ ಕಡೆ ಹುಳ ಹೇಳ್ತೀನಿ,” ಎಂದರು. ಇಬ್ಬರು ತಲೆಯಾಡಿಸಿದರು.

ಅಕ್ಕ ಎಲ್ಲರಿಗೂ ಕಾಫಿ ಮಾಡಿಸಿದರು. ನನ್ನ ಮೇಲೆ ಒಂದು ಮಾತನ್ನೂ ಅಲ್ಲಿ ಆಡಲಿಲ್ಲ. ಕಾಫಿ ಕುಡಿಯುವಾಗ ನಂಗಲಿ ಕಡೆಯಿಂದ ಬಂದಿದ್ದ ಹೆಂಗಸೊಬ್ಬರು ನನ್ನ ಪಕ್ಕ ಬಂದು ಜಗಲಿಯ ಮೇಲೆ ಕೂತರು. ವರ್ಷಗಳಿಂದ ನಮ್ಮಲ್ಲಿ ಹುಳು ಒಯ್ಯುವವರು. ಮನೆಮಾತು ತೆಲುಗು, ಓದಿದ್ದು ಕನ್ನಡ ಶಾಲೆಯಲ್ಲಿ. ಅವರು ಬೈಯಲಿಲ್ಲ. ಫೋನಿನಲ್ಲಿ ನನ್ನ ಪುಟ ತೆರೆದು, ಜಾರುವ ಚಿತ್ರಗಳು ಬರುವವರೆಗೆ ಕಾದು, ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಕೋಷ್ಟಕ ಹುಡುಕಿದರು. ಅವರ ಫೋನಿನಲ್ಲಿ ಅಕ್ಷರ ಸಾಸಿವೆಯಷ್ಟು ಸಣ್ಣದಾಗಿತ್ತು. ಅದನ್ನು ನಾನು ನೋಡಿದ್ದು ಆವತ್ತೇ ಮೊದಲು.

“ಈ ತಾರೀಖ್ ಯಾರಿಗಮ್ಮಾ?” ಎಂದು ಕೇಳಿದರು. “ಹುಳಕ್ಕೇನ್ ಕ್ಯಾಲೆಂಡರ್ ಗೊತ್ತಾ? ಮೋಡ ಆದ್ರೆ ಅದು ಕೂರಲ್ಲ ಅಂತ ನಂಗೂ ಗೊತ್ತು. ಹುಳ ಈಗ ಏನ್ ಮಾಡ್ತಾ ಅದೆ, ಅದನ್ ಬರಿ. ತಿಂತಾ ಅದಾ, ಕೂತದಾ. ಮಿಕ್ಕಿದ್ದು ನಾವ್ ಲೆಕ್ಕ ಹಾಕ್ಕೊಳ್ತೀವಿ.”

ಅವರೆಲ್ಲ ಹೋದ ಮೇಲೆ ಅಕ್ಕ ಕರೆದರು. “ಇನ್ನೊಂದ್ ಬ್ಯಾಚ್ ನೋಡಣ. ಆಗ್ಲೂ ಹಿಂಗಾದ್ರೆ ಬೇಡ, ಫೋನೇ ಸಾಕು,” ಎಂದರು. ದನಿ ಏರಿರಲಿಲ್ಲ. ಅದೇ ಹೆಚ್ಚು ನಾಟಿತು.

ಎರಡು ದಿನ ಯೋಚಿಸಿದೆ. ಸಿದ್ಧ ಮಾದರಿಯನ್ನೇ ಇಟ್ಟುಕೊಂಡು ಅಲ್ಲಲ್ಲಿ ತಿದ್ದುವುದು ಸುಲಭವಿತ್ತು. ಆದರೆ ಅದರೊಳಗೆ ಸಾವಿರಾರು ಸಾಲುಗಳಿದ್ದವು, ಅದರಲ್ಲಿ ನನಗೆ ಅರ್ಥವಾಗುತ್ತಿದ್ದದ್ದು ನಾನು ಬರೆದ ಭಾಗ ಮಾತ್ರ. ಆರನೇ ಭಾನುವಾರ ಮೇಡಂ ಎದುರು ಕೂತು, “ಇದನ್ನ ಪೂರ್ತಿ ತೆಗೆದುಹಾಕ್ತೀನಿ,” ಎಂದೆ.

“ಚೆನ್ನಾಗ್ ಕಾಣ್ತಿದೆಯಲ್ರೀ.”

“ಕಾಣ್ತಿದೆ ಮೇಡಂ. ಆದ್ರೆ ನಂದಲ್ಲ. ಕೆಟ್ರೆ ಎಲ್ಲಿ ಕೆಟ್ಟಿದೆ ಅಂತ ನನಗ್ ಗೊತ್ತಾಗಲ್ಲ.”

ಅವರು ಖಾಲಿ ನೋಟ್‌ಪ್ಯಾಡ್ ತೆರೆದುಕೊಟ್ಟರು.

ಮೊದಲ ದಿನ ಕಲಿತದ್ದರಿಂದಲೇ ಹೊಸ ಪುಟ ಕಟ್ಟಿದೆ. ಎಲ್ಲ ಸೇರಿ ನಲವತ್ತು ಸಾಲಿನ ಆಸುಪಾಸು. ಪ್ರತಿ ಸಾಲು ಏಕೆ ಅಲ್ಲಿದೆ ಎಂದು ನನಗೆ ಗೊತ್ತು. ಅಕ್ಷರಗಳು ಕನ್ನಡವೆಂದು ತಿಳಿಸಲು ಒಂದು ಸಾಲು. ಪುಟ ಫೋನಿನ ಅಗಲಕ್ಕೆ ತಾನೇ ಹೊಂದಿಕೊಳ್ಳಲು ಒಂದು ಸಾಲು. ಮೇಡಂ ಅದನ್ನು ಹೇಳಿಕೊಟ್ಟಾಗ, ನಂಗಲಿಯವರು ಎರಡು ಬೆರಳಲ್ಲಿ ಹಿಗ್ಗಿಸುತ್ತಿದ್ದದ್ದು ಇದೊಂದು ಸಾಲು ಇಲ್ಲದ್ದಕ್ಕೆ ಎಂದು ತಿಳಿಯಿತು. ಚಿತ್ರ ಇಲ್ಲ. ಪಟ್ಟಿ ಇಲ್ಲ. ಮನೆ ತೊಳೆಯುವ ಸೂಚನೆಗಳಿಗೆ ಬೇರೆ ಪುಟ, ಅದಕ್ಕೆ ಕೆಳಗೊಂದು ಕೊಂಡಿ.

ಮೇಲೆ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, ಇದನ್ನು ಬರೆದ ದಿನ ಮತ್ತು ಗಂಟೆ. ಅದರ ಕೆಳಗೆ ಬ್ಯಾಚಿಗೆ ಮೂರು ಸಾಲು. ಹುಳು ಈಗ ಏನು ಮಾಡುತ್ತಿದೆ. ಯಾವಾಗ ಕೂರಬಹುದು. ನೀವು ಏನು ಮಾಡಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬದಲಾಯಿಸುವುದೆಂದು ಗೊತ್ತುಮಾಡಿಕೊಂಡೆ. ಬದಲಾಯಿಸಿದ ಮೇಲೆ ಆಫೀಸಿನ ಕಂಪ್ಯೂಟರಿನಲ್ಲಿ ನೋಡಬಾರದು. ಗೇಟಿನ ಹೊರಗೆ ಹೋಗಿ, ಗೇಟಿನ ಮೇಲಿನ ಕೋಡಿಗೆ ನನ್ನ ಫೋನ್ ಹಿಡಿದು, ರೈತರು ನೋಡುವಂತೆಯೇ ನೋಡಬೇಕು. ಬರೆದ ಗಂಟೆ ಹೊಸದಾಗಿ ಕಂಡರೆ ಮಾತ್ರ ರಿಜಿಸ್ಟರಿನಲ್ಲಿ ಗುರುತು.

ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಿಗಾಗಿ ಪ್ರತಿ ಸುದ್ದಿಯ ಕೆಳಗೆ ತೆಲುಗಿನಲ್ಲಿ ಒಂದು ಸಾಲು ಹಾಕಿದೆ. ಅಕ್ಷರ ಕನ್ನಡದ್ದೇ, ಮಾತು ಮಾತ್ರ ತೆಲುಗು. ನಂಗಲಿಯವರಂತೆ ಅವರಲ್ಲಿ ಬಹಳ ಜನ ಕನ್ನಡ ಓದಿ ತೆಲುಗಾಡುವವರು. ಅಲ್ಲೂ ಒಂದು ತೊಡಕು ಬಂತು. ‘ಬನ್ನಿ’ ಎಂಬುದಕ್ಕೆ ತೆಲುಗಿನಲ್ಲಿರುವ ಮರ್ಯಾದೆಯ ಮಾತು ಕನ್ನಡ ಅಕ್ಷರದಲ್ಲಿ ಬರೆದಾಗ ಬೈಗುಳದಂತೆ ಕಾಣುತ್ತದೆ. ಅಕ್ಕ ಅದನ್ನು ಓದಿ, “ಥೂ, ತೆಗೀ ಅದನ್ನ,” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆ ಬೆಳಗಿನ ನಂತರ ಅಕ್ಕ ನಕ್ಕದ್ದು ಅದೇ ಮೊದಲು. ‘ರಾವಚ್ಚು’ ಎಂದು ಬದಲಾಯಿಸಿದೆ. ಬರಬಹುದು ಎಂದರ್ಥ, ಯಾರಿಗೂ ಅವಮಾನವಿಲ್ಲ.

ಮುಂದಿನ ಬ್ಯಾಚಿಗೆ ಮಾಲೂರಿನವರು ಬೇರೆ ಕಡೆ ಹುಳು ಹೇಳಿರಲಿಲ್ಲ. ಅಕ್ಕ ಫೋನ್ ಮಾಡಿ, ಇದೊಂದು ಬೆಳೆ ನೋಡಿ ಎಂದು ಕೇಳಿಕೊಂಡಿದ್ದರು ಎಂದು ಆಮೇಲೆ ತಿಳಿಯಿತು. ಮೊಟ್ಟೆ ನೀಲಿಗೆ ತಿರುಗಿದಾಗ, ಎಲ್ಲ ಒಟ್ಟಿಗೆ ಒಡೆಯಲೆಂದು ಕಪ್ಪು ಬಟ್ಟೆ ಮುಚ್ಚಿದೆವು, ಅದನ್ನು ಬರೆದೆ. ಬೆಳಕಿಗೆ ತೆರೆದು ಮರಿ ಒಂದೇ ಸಮ ಹೊರಬಂದಾಗ ಅದನ್ನೂ ಬರೆದೆ. ಒಂದನೇ ಜ್ವರಕ್ಕೆ ಕೂತವು, ಎದ್ದವು. ಬೆಳಿಗ್ಗೆ, ಸಂಜೆ ಗೇಟಿನ ಹೊರಗೆ ನಿಂತು ಫೋನ್ ಹಿಡಿಯುವ ನನ್ನನ್ನು ದಾರಿಯಲ್ಲಿ ಫ್ಯಾಕ್ಟರಿಗೆ ಹೋಗುವವರು ವಿಚಿತ್ರವಾಗಿ ನೋಡುತ್ತಿದ್ದರು.

ಏಳನೇ ದಿನ ಸಂಜೆಗೆ ಕೂರಬಹುದು, ಎಂಟನೇ ಬೆಳಿಗ್ಗೆ ಕೊಡಬಹುದು ಎಂದು ಅಂದಾಜು. ಆದರೆ ಆರನೇ ದಿನ ಮತ್ತೆ ಗಾಳಿ ತಣ್ಣಗಾಯಿತು. ಏಳನೇ ದಿನ ಸಂಜೆ ಐದಕ್ಕೆ ಅಕ್ಕನೂ ನಾನೂ ತಟ್ಟೆ ತಟ್ಟೆ ನೋಡಿದೆವು. ಹುಳು ಇನ್ನೂ ಸೊಪ್ಪು ಕೆರೆಯುತ್ತಿತ್ತು, ಸಣ್ಣ ಮಳೆಯಂಥ ಸದ್ದು. ಹತ್ತಕ್ಕೊಂದೂ ತಲೆ ಎತ್ತಿರಲಿಲ್ಲ. ಆಫೀಸಿಗೆ ಹೋಗಿ ಬರೆದೆ:

‘ಹುಳ ಇನ್ನೂ ತಿನ್ನುತ್ತಿದೆ. ಕೂತಿಲ್ಲ. ನಾಳೆ ಬರಬೇಡಿ. ರೇಪು ರಾವೊದ್ದಂಡಿ.’

ಮೇಲೆ ಕಳಿಸಿದೆ. ಗೇಟಿನ ಹೊರಗೆ ನಿಂತು ನೋಡಿದೆ. ಬರೆದ ಗಂಟೆ ಸರಿಯಾಗಿತ್ತು. ಗುರುತು ಹಾಕಿದೆ.

“ಫೋನ್ ಮಾಡಿ ಒಂದ್ ಮಾತು ಹೇಳ್ಬಿಡಣ್ವಾ?” ಎಂದು ಅಕ್ಕ ಕೇಳಿದರು.

ಹನ್ನೊಂದು ಮನೆಯವರಿಗೆ ಹುಳು ಹೋಗಬೇಕಿತ್ತು. ಫೋನ್ ಮಾಡಿಬಿಟ್ಟರೆ ನಾಳೆ ಯಾರೂ ಬರುವುದಿಲ್ಲ ಎಂಬುದು ಖಚಿತ. ಆದರೆ ಆಮೇಲೆ ಎಲ್ಲರೂ ಫೋನನ್ನೇ ಕಾಯುತ್ತಾರೆ ಎಂಬುದೂ ಅಷ್ಟೇ ಖಚಿತ. “ಬೇಡ ಅಕ್ಕ,” ಎಂದೆ.

ಮಾರನೇ ಬೆಳಿಗ್ಗೆ ಐದೂವರೆಗೇ ಬಂದು ಗೇಟಿನ ಬಳಿ ಸ್ಟೂಲ್ ಹಾಕಿಕೊಂಡು ಕೂತೆ. ದೂರದ ರಸ್ತೆಯಲ್ಲಿ ಯಾವ ಗಾಡಿಯ ದೀಪ ಕಂಡರೂ ಎದ್ದು ನಿಲ್ಲುತ್ತಿದ್ದೆ. ಟೊಮೆಟೊ ಹೊತ್ತ ಗಾಡಿಗಳು ಕೋಲಾರದ ಕಡೆ ಹೋದವು. ಫ್ಯಾಕ್ಟರಿ ಬಸ್ಸು ಹೋಯಿತು. ಆರಾಯಿತು, ಆರೂವರೆಯಾಯಿತು. ಅಕ್ಕ ಎರಡು ಲೋಟ ಕಾಫಿ ಹಿಡಿದು ಬಂದರು.

“ಯಾರೂ ಬಂದಿಲ್ವಾ?”

“ಇಲ್ಲ ಅಕ್ಕ.”

“ಮಾಲೂರಿನೋರು?”

“ಇಲ್ಲ.”

ಅಕ್ಕ ನಿಂತೇ ಕಾಫಿ ಕುಡಿದರು. ಅಂಗಳ ಗುಡಿಸಿದ್ದು ಗುಡಿಸಿದಂತೆಯೇ ಇತ್ತು, ಒಂದು ಚಕ್ರದ ಗುರುತೂ ಇರಲಿಲ್ಲ. ನಾನು ಈ ಕೆಲಸದಲ್ಲಿ ಎಷ್ಟೋ ಬೆಳಗುಗಳನ್ನು ನೋಡಿದ್ದೇನೆ, ಆ ಖಾಲಿ ಅಂಗಳದಷ್ಟು ತುಂಬಿದ್ದನ್ನು ನೋಡಿಲ್ಲ. ನಾನು ಬರೆದ ಒಂದು ಸಾಲನ್ನು ನಾಲ್ಕು ತಾಲ್ಲೂಕಿನ ಹನ್ನೊಂದು ಮನೆಗಳು ಓದಿ, ನಂಬಿ, ಗಾಡಿ ಹೊರಡಿಸದೆ ಕೂತಿದ್ದವು.

“ಏಳು, ಸೊಪ್ ಹಾಕಣ,” ಎಂದರು ಅಕ್ಕ. ಒಳಗೆ ಹೋಗುವಾಗ ನನ್ನ ಬೆನ್ನಿನ ಮೇಲೆ ಒಂದು ಸಲ ಕೈಯಿಟ್ಟರು.

ಆವತ್ತು ಮಧ್ಯಾಹ್ನ ಹುಳು ಕೂರತೊಡಗಿತು. ಸಂಜೆಗೆ ಎಲ್ಲ ತಟ್ಟೆಗಳೂ ನಿಶ್ಶಬ್ದ. ತಟ್ಟೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿ ಬಂದು, ಎಲ್ಲ ಕೂತಿವೆ, ನಾಳೆ ಬೆಳಿಗ್ಗೆ ಬನ್ನಿ, ರಾವಚ್ಚು ಎಂದು ಬರೆದೆ. ಮಾರನೇ ದಿನ ಬಿಸಿಲೇರುವ ಮುಂಚೆ ಹನ್ನೊಂದೂ ಗಾಡಿಗಳು ಬಂದವು. ನಂಗಲಿಯವರು ಟ್ರೇ ಮೇಲಿನ ಕಾಗದ ಸರಿಸಿ ಹುಳುವನ್ನು ನೋಡಿ, “ಒಂದೇ ಸಮ ಕೂತದೆ,” ಎಂದು ಮಾತ್ರ ಹೇಳಿದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಮಾಲೂರಿನವರ ಜೊತೆ ಅವರ ಊರಿನ ಹೊಸ ರೈತನೊಬ್ಬ ಬಂದಿದ್ದ. ಮೊದಲ ಸಲ ಹುಳು ಸಾಕಲು ಹೊರಟವನು. ಟ್ರೇಗಳನ್ನು ಗಾಡಿಗೆ ಏರಿಸುತ್ತಿದ್ದಾಗ ಅವನು ಅಕ್ಕನ ಫೋನ್ ನಂಬರ್ ಕೇಳಿದ. ಮಾಲೂರಿನವರು ಅವನನ್ನು ತೋಳು ಹಿಡಿದು ಗೇಟಿನ ಹತ್ತಿರ ಕರೆದುಕೊಂಡು ಹೋದರು.

“ನಂಬರ್ ಯಾಕಪ್ಪ. ಅವ್ರು ಒಳಗ್ ಹುಳ ನೋಡ್ತಿರ್ತಾರೆ, ಫೋನ್ ಮಾಡ್ಬಾರ್ದು. ಇಲ್ ನೋಡು, ಇದಕ್ ಹಿಂಗ್ ಫೋನ್ ಹಿಡಿ,” ಎಂದು ಅವನ ಕೈಯನ್ನೇ ಹಿಡಿದು ತೋರಿಸಿದರು. “ಬಂತಾ? ಮೇಲಿನ್ ಸಾಲು ಮೊದ್ಲು ಓದು. ಯಾವಾಗ್ ಬರ್ದಿದ್ದು ಅಂತ ಅಲ್ಲಿ ಅದೆ. ಅದು ಇವತ್ತಿಂದಾ ನೋಡ್ಕೊಂಡು ಆಮೇಲ್ ಕೆಳಗಿಂದು ಓದ್ಬೇಕು.”

ಹೊಸಬ ಗಟ್ಟಿಯಾಗಿ, ಅಕ್ಷರ ಕೂಡಿಸಿ ಕೂಡಿಸಿ ಓದತೊಡಗಿದ. ನಾನು ಕೈಯಲ್ಲಿದ್ದ ಟ್ರೇಯನ್ನು ಕೆಳಗಿಡದೆ, ಅವನು ಕೊನೆಯ ಸಾಲು ಮುಗಿಸುವವರೆಗೂ ನಿಂತು ಕೇಳಿದೆ.